ಕೊನೆ ಹೇಳಬೇಡಿ: ಕಾದಂಬರಿಯ ಸುಖ ಮತ್ತು ವಲಸೆಯ ಬದುಕು

1968ರ ಆಗಸ್ಟ್ ತಿಂಗಳ ಒಂದು ಸೆಖೆಯ ಸಂಜೆ. ಅಮೆರಿಕದ ಕೇಂಬ್ರಿಜ್ ಪಟ್ಟಣದ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ತುಂಬು ಬಸುರಿಯೊಬ್ಬಳು ನಿಂತಿದ್ದಾಳೆ. ಹೆರಿಗೆಗೆ ಇನ್ನು ಎರಡೇ ವಾರ. ಬೋಗುಣಿಗೆ ರೈಸ್ ಕ್ರಿಸ್ಪೀಸ್ ಸುರಿಯುತ್ತಾಳೆ, ಕಡಲೆಬೀಜ ಹಾಕುತ್ತಾಳೆ, ಈರುಳ್ಳಿ ಹೆಚ್ಚಿ ಸೇರಿಸುತ್ತಾಳೆ. ಉಪ್ಪು, ನಿಂಬೆರಸ, ತೆಳ್ಳಗೆ ಹೆಚ್ಚಿದ ಹಸಿಮೆಣಸಿನಕಾಯಿ. ಸಾಸಿವೆ ಎಣ್ಣೆಯೊಂದು ಇದ್ದಿದ್ದರೆ ಎಂದುಕೊಳ್ಳುತ್ತಾಳೆ. ಕಲ್ಕತ್ತದ ಬೀದಿಬದಿಯಲ್ಲಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಪೇಪರ್ ಪೊಟ್ಟಣದಲ್ಲಿ ಸಿಗುತ್ತಿದ್ದ ತಿನಿಸನ್ನು ಅವಳು ಅಲ್ಲಿ ಸಿಕ್ಕಿದ್ದರಲ್ಲೇ ಹೊಂದಿಸಿಕೊಳ್ಳಲು ನೋಡುತ್ತಿದ್ದಾಳೆ. ಝುಂಪಾ ಲಾಹಿರಿಯವರ 'ದಿ ನೇಮ್‌ಸೇಕ್' (2003) ಕಾದಂಬರಿ ಶುರುವಾಗುವುದು ಹೀಗೆ.

ಈ ಬೋಗುಣಿಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನವರಿಗೆ ಚುರುಮುರಿ, ಧಾರವಾಡದವರಿಗೆ ಗಿರ್ಮಿಟ್, ದಾವಣಗೆರೆಯವರಿಗೆ ಖಾರ ಮಂಡಕ್ಕಿ ನೆನಪಾಗಿ ಬಾಯಲ್ಲಿ ನೀರೂರುತ್ತದೆ. ಮರುಗಳಿಗೆಯಲ್ಲೇ ಕರುಳು ಚುರುಕ್ ಎನ್ನುತ್ತದೆ. ಎಲ್ಲಾ ಹಾಕಿದ್ದಾಳೆ, ಏನೋ ಒಂದು ಕಮ್ಮಿ. ಆ ಕಮ್ಮಿಯನ್ನು ಇಟ್ಟುಕೊಂಡೇ ಅವಳು ಮುಂದಿನ ಮೂವತ್ತು ವರ್ಷ ಬದುಕಬೇಕು. ಲೇಖಕಿ ಇಲ್ಲಿ ವಲಸೆ ಎಂಬ ಮಾತನ್ನೇ ಎತ್ತುವುದಿಲ್ಲ. ನಾವೂ ವಲಸೆಯ ಬಗ್ಗೆ ತಿಳಿದುಕೊಳ್ಳಬೇಕೆಂದು ಓದುತ್ತಿಲ್ಲ. ಮುಂದೇನಾಗುತ್ತದೆ ನೋಡೋಣ ಎಂದು ಪುಟ ಮಗುಚುತ್ತೇವೆ, ಅಷ್ಟೆ.

ನನಗೆ ಮುಖ್ಯವಾಗಿ ಕಾಣುವುದು ಈ 'ಅಷ್ಟೆ'. ಸುಮ್ಮನೆ ಖುಷಿಗಾಗಿ ಕಾದಂಬರಿ ಓದುವವರು ಕಮ್ಮಿಯಾಗುತ್ತಿದ್ದಾರೆ ಎಂಬ ಚಿಂತೆ ಒಂದು ಕಡೆ. ವಲಸಿಗರ ಬಗ್ಗೆ ಜಗತ್ತಿನಾದ್ಯಂತ ಎದ್ದಿರುವ ಗಲಾಟೆ ಇನ್ನೊಂದು ಕಡೆ. ಇವೆರಡನ್ನೂ ಬೇರೆ ಬೇರೆ ಪುಟಗಳಲ್ಲಿ ಓದಿ ಮಡಚಿಡುತ್ತೇವೆ. ನನ್ನ ಮಟ್ಟಿಗೆ ಇವೆರಡಕ್ಕೂ ಒಳಗೊಳಗೇ ನಂಟಿದೆ.

ಮೊದಲು ಗಲಾಟೆಯ ಮಾತು. ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಬದುಕುತ್ತಿದ್ದವರು ಸುಮಾರು 30 ಕೋಟಿ 40 ಲಕ್ಷ ಮಂದಿ. ಹೀಗೆ ಹೊರಟವರಲ್ಲಿ ಎಲ್ಲರಿಗಿಂತ ಹೆಚ್ಚು ಜನ ಭಾರತದವರು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಹತ್ತಲಿಲ್ಲ. ಸುದ್ದಿವಾಹಿನಿಗಳಲ್ಲಿ ಎರಡು ದಿನ ಅದೇ ಮಾತು. ಅಂಕಿ, ಗ್ರಾಫು, ಪರಿಣತರು, ವಾದ. ಮೂರನೆಯ ದಿನ ಬೇರೆ ಸುದ್ದಿ. ಆದರೆ ವಲಸೆ ಹೋದವರ ಬದುಕು ಮೂರನೆಯ ದಿನಕ್ಕೆ ಮುಗಿಯುವಂಥದ್ದಲ್ಲ. ಕಾಯುವುದೇ ಅದರ ಹೆಚ್ಚಿನ ಭಾಗ: ಕಾಗದಪತ್ರಕ್ಕೆ, ರಜೆಗೆ, ಫೋನಿಗೆ, ಊರಿಗೆ ಹೋಗುವ ಟಿಕೆಟ್ಟಿನ ದರ ಇಳಿಯುವುದಕ್ಕೆ. ಹೀಗೆ ಕಾಯುವುದನ್ನು ಸುದ್ದಿ ಮಾಡಲು ಬರುವುದಿಲ್ಲ, ಅದರಲ್ಲಿ ಏನೂ ನಡೆಯುವುದೇ ಇಲ್ಲವಲ್ಲ. ಅದನ್ನು ಹೇಳಲು ಮುನ್ನೂರು ಪುಟ ಬೇಕು. ಆ ಮುನ್ನೂರು ಪುಟದುದ್ದಕ್ಕೂ ಓದುಗನನ್ನು ಕೂರಿಸುವ ಶಕ್ತಿ ಇರುವುದು ಓದಿನ ಸುಖಕ್ಕೆ ಮಾತ್ರ. ಕರ್ತವ್ಯ ಎಂದು ಓದುವವನು ಐವತ್ತನೆಯ ಪುಟಕ್ಕೇ ಆಕಳಿಸುತ್ತಾನೆ.

ಹಾಗೆ ಕೂರುವವರು ಎಷ್ಟು ಜನ ಉಳಿದಿದ್ದಾರೆ? ಅಮೆರಿಕದಲ್ಲಿ ಇದರ ಲೆಕ್ಕ ಇಟ್ಟಿದ್ದಾರೆ. ವರ್ಷದಲ್ಲಿ ಒಂದಾದರೂ ಕಾದಂಬರಿ ಅಥವಾ ಸಣ್ಣಕತೆ ಓದಿದ ವಯಸ್ಕರು 2012ರಲ್ಲಿ ನೂರಕ್ಕೆ 45 ಮಂದಿ ಇದ್ದರು. 2022ರ ಹೊತ್ತಿಗೆ ಅದು 38ರ ಆಸುಪಾಸಿಗೆ ಇಳಿದಿತ್ತು. ಅಲ್ಲಿನ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆಯ 20 ವರ್ಷಗಳ ದಾಖಲೆ ಹಿಡಿದು 2025ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಯಾವುದೇ ಒಂದು ದಿನ ಖುಷಿಗಾಗಿ ಏನನ್ನಾದರೂ ಓದಿದವರು 2004ರಲ್ಲಿ ನೂರಕ್ಕೆ 28ರಷ್ಟಿದ್ದರೆ 2023ರಲ್ಲಿ 16 ಎಂದು ಅದು ಹೇಳುತ್ತದೆ. ಬ್ರಿಟನ್ನಿನಲ್ಲಿ ಬಿಡುವಿನಲ್ಲಿ ಓದುವುದು ಇಷ್ಟ ಎಂದ ಮಕ್ಕಳು 2025ರಲ್ಲಿ ಮೂವರಲ್ಲಿ ಒಬ್ಬರು ಮಾತ್ರ. 2026ನ್ನು ಅಲ್ಲಿ ಓದಿನ ವರ್ಷವೆಂದೇ ಘೋಷಿಸಿದ್ದಾರೆ. ಡೆನ್ಮಾರ್ಕ್ ಪುಸ್ತಕಗಳ ಮೇಲಿನ ಶೇ 25ರ ತೆರಿಗೆಯನ್ನೇ ತೆಗೆದುಹಾಕುವುದಾಗಿ 2025ರಲ್ಲಿ ಹೇಳಿತು.

ಕನ್ನಡದ ಸ್ಥಿತಿಗೆ ಅಂಕಿ ಹುಡುಕುವುದಕ್ಕಿಂತ ಯಾವುದಾದರೂ ತಾಲ್ಲೂಕು ಕೇಂದ್ರದ ಗ್ರಂಥಾಲಯಕ್ಕೆ ಹೋಗಿ ಕೂತರೆ ಸಾಕು. ಕುರ್ಚಿಗಳು ಭರ್ತಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬ್ಯಾಗ್ ಹಿಡಿದು ನಿಂತ ಹುಡುಗರು, ಹುಡುಗಿಯರು. ಅವರ ಮುಂದಿರುವುದು ಕೆಎಎಸ್, ಪಿಎಸ್ಐ, ಎಫ್‌ಡಿಎ ಪರೀಕ್ಷೆಗಳ ಗೈಡುಗಳು. ಅವರ ಬಗ್ಗೆ ನನಗೆ ಗೌರವವಿದೆ, ಮನೆಯ ಭಾರ ಹೊತ್ತು ಓದುತ್ತಿರುವ ಮಕ್ಕಳು ಅವರು. ಆದರೆ ಅದೇ ಕೋಣೆಯ ಹಿಂದಿನ ಸಾಲಿನ ಕಪಾಟಿನಲ್ಲಿ ಕಾದಂಬರಿಗಳು ಬೆನ್ನು ತೋರಿಸಿಕೊಂಡು ನಿಂತಿರುತ್ತವೆ. ತೆಗೆದು ನೋಡಿದರೆ, ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ದಿನಾಂಕದ ಮುದ್ರೆ ಎಷ್ಟೋ ವರ್ಷದ ಹಿಂದೆ ನಿಂತುಹೋಗಿರುತ್ತದೆ.

ಹಿಂದೆ ಹೀಗಿರಲಿಲ್ಲ ಎಂದು ಹಲುಬುವುದು ನನ್ನ ಉದ್ದೇಶವಲ್ಲ, ಆದರೆ ಒಂದು ವಿಷಯ ಹೇಳಲೇಬೇಕು. ಕನ್ನಡದಲ್ಲಿ ಕಾದಂಬರಿ ಓದು ಬೆಳೆದಿದ್ದು ಸುಖದ ದಾರಿಯಲ್ಲೇ. ಕನ್ನಡದ ಆರಂಭದ ಕಾದಂಬರಿಕಾರರಲ್ಲೊಬ್ಬರಾದ ಗಳಗನಾಥರು ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಆಮೇಲೆ ಬಂದವು ವಾರಪತ್ರಿಕೆಯ ಧಾರಾವಾಹಿಗಳು, ಬೀದಿಗೊಂದರಂತೆ ಸರ್ಕ್ಯುಲೇಟಿಂಗ್ ಲೈಬ್ರರಿಗಳು. ನಮ್ಮ ದೊಡ್ಡಮ್ಮ 'ಸುಧಾ'ದ ಧಾರಾವಾಹಿ ಪುಟಗಳನ್ನು ವಾರವಾರವೂ ಬ್ಲೇಡಿನಲ್ಲಿ ಕತ್ತರಿಸಿ, ಕಂಬಳಿ ಹೊಲಿಯುವ ದಬ್ಬಣದಲ್ಲಿ ದಾರ ಪೋಣಿಸಿ ತಾನೇ ಬೈಂಡು ಮಾಡಿಡುತ್ತಿದ್ದಳು. ರಟ್ಟಿಗೆ ಹಳೇ ಕ್ಯಾಲೆಂಡರ್. ಒಂದು ವಾರದ ಸಂಚಿಕೆ ಯಾರದೋ ಮನೆಗೆ ಹೋಗಿ ವಾಪಸು ಬರದಿದ್ದರೆ ಆ ಜಾಗಕ್ಕೆ ಒಂದು ಖಾಲಿ ಹಾಳೆ ಸೇರಿಸಿ, ಅಲ್ಲಿ ಏನಾಯಿತೆಂದು ತನ್ನ ಕೈಬರಹದಲ್ಲಿ ನಾಲ್ಕು ಸಾಲು ಬರೆಯುತ್ತಿದ್ದಳು. ನಾಲ್ಕನೇ ಕ್ಲಾಸು ಓದಿದ ಹೆಂಗಸು. ಆಕೆಗೆ ಯಾರೂ ಓದು ಎಂದು ಹೇಳಿರಲಿಲ್ಲ. ಹೇಳಿದವರೆಲ್ಲಾ ಓದಬೇಡ ಎಂದೇ ಹೇಳಿದ್ದರು. ಕಾದಂಬರಿ ಓದಿದರೆ ಹೆಂಗಸರು ಕೆಡುತ್ತಾರೆ ಎಂಬ ಮಾತು ಎಷ್ಟು ಮನೆಗಳಲ್ಲಿ ಓಡಾಡಿಲ್ಲ!

ಈಗ ಗಾಳಿ ತಿರುಗಿದೆ. ಓದು ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಓದುವುದಿಲ್ಲ. ಓದಿಗೊಂದು ಪ್ರಯೋಜನ ಹಚ್ಚಿದ್ದೇವೆ: ಶಬ್ದಸಂಪತ್ತು ಹೆಚ್ಚುತ್ತದೆ, ಏಕಾಗ್ರತೆ ಬರುತ್ತದೆ, ವ್ಯಕ್ತಿತ್ವ ವಿಕಸನವಾಗುತ್ತದೆ. ಕೊನೆಗೆ ಕಾದಂಬರಿಯ ಸಾರಾಂಶವನ್ನು ಐದು ನಿಮಿಷದ ವಿಡಿಯೊದಲ್ಲಿ ನೋಡಿದರೂ ಪ್ರಯೋಜನ ಸಿಕ್ಕಿತು ಎನ್ನುವ ಸ್ಥಿತಿಗೆ ಬಂದಿದ್ದೇವೆ. ಮೊಬೈಲನ್ನು ಬೈಯುವುದು ಸುಲಭ, ಅದರದ್ದೂ ತಪ್ಪಿದೆ. ಆದರೆ ಕಾದಂಬರಿಯನ್ನು ಔಷಧದ ಬಾಟಲಿ ಮಾಡಿದವರು ನಾವೇ, ಓದನ್ನು ಪ್ರೀತಿಸುತ್ತೇವೆ ಎನ್ನುವವರೇ.

ಈ ಔಷಧದ ಮಾತಿಗೆ ವಿಜ್ಞಾನದ ಬೆಂಬಲವೂ ಸಿಕ್ಕಿತ್ತು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಗಂಭೀರ ಸಾಹಿತ್ಯದ ಕೆಲವು ಪುಟ ಓದಿದವರು ಇನ್ನೊಬ್ಬರ ಮನಸ್ಸನ್ನು ಅರಿಯುವ ಪರೀಕ್ಷೆಯಲ್ಲಿ ಉಳಿದವರಿಗಿಂತ ಮೇಲೆ ನಿಂತರು ಎಂದಿತು. ಪತ್ರಿಕೆಗಳು ಕುಣಿದಾಡಿದವು. ಮೂರು ವರ್ಷದ ನಂತರ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಹೆಚ್ಚು ಜನರ ಮೇಲೆ ಮತ್ತೆ ಮಾಡಿದಾಗ ಆ ಫಲ ಕಾಣಲಿಲ್ಲ. ನನಗೆ ಇದರಿಂದ ಬೇಸರವಾಗಲಿಲ್ಲ. ಹತ್ತು ನಿಮಿಷ ಓದಿಸಿ ಅಂಕ ಹಾಕಿದರೆ ಸಿಗುವಂಥದ್ದೇ ಅಲ್ಲ ಅದು. ಜೀವಮಾನವಿಡೀ ಕತೆ ಓದುತ್ತಾ ಬಂದವರಲ್ಲಿ ಏನೋ ಬದಲಾಗಿರುತ್ತದೆ, ನಿಜ. ಆದರೆ ಅವರು ಓದುತ್ತಾ ಬಂದದ್ದು ಬದಲಾಗಬೇಕೆಂದಲ್ಲವಲ್ಲ.

ವಲಸಿಗರ ಕಾದಂಬರಿಗಳಿಗೆ ಈ ಔಷಧದ ಹಣೆಪಟ್ಟಿ ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿದೆ. ವಿಶ್ವವಿದ್ಯಾಲಯಗಳಲ್ಲಿ ಅವು ಪಠ್ಯ. ಚರ್ಚೆಗಳಲ್ಲಿ ಅವು ಅಸ್ಮಿತೆಯ, ಬಹುಸಂಸ್ಕೃತಿಯ, ಪಲ್ಲಟದ ದಾಖಲೆ. ಓದುಗ ಪುಸ್ತಕ ತೆರೆಯುವ ಮೊದಲೇ ತಲೆತಗ್ಗಿಸಿ ನಿಲ್ಲಬೇಕು, ಇಲ್ಲಿ ಬಡಪಾಯಿ ವಲಸಿಗನ ನೋವಿದೆ ಎಂದು. ಇದರಿಂದ ಆಗುವ ಮೊದಲ ಅನ್ಯಾಯ ಆ ಪಾತ್ರಗಳಿಗೇ. ಊರು ಬಿಟ್ಟವನೂ ಜಿಪುಣನಿರಬಹುದು, ಸುಳ್ಳುಬುರುಕನಿರಬಹುದು, ಪಕ್ಕದ ಮನೆಯವಳ ಮೇಲೆ ಕಣ್ಣು ಹಾಕಿರಬಹುದು, ಭಾರೀ ತಮಾಷೆಯ ಮನುಷ್ಯನಾಗಿರಬಹುದು. ಅವನನ್ನು ಮಾದರಿ ನೋವುಗಾರನನ್ನಾಗಿ ನಿಲ್ಲಿಸಿದ ಕೂಡಲೇ ಇವೆಲ್ಲಾ ಅಳಿಸಿಹೋಗುತ್ತವೆ.

ಎರಡನೆಯ ಅನ್ಯಾಯ ಬರವಣಿಗೆಗೆ. ಹೀಗೆ ಓದುವವರು ಹೆಚ್ಚಾದಾಗ ಅವರಿಗೆಂದೇ ಬರೆಯುವವರೂ ಹುಟ್ಟಿಕೊಳ್ಳುತ್ತಾರೆ. ಮುಖಪುಟದಲ್ಲಿ ಸೀರೆಯ ಸೆರಗು, ಒಳಗೆ ಏಲಕ್ಕಿಯ ಘಮ, ಮಾವಿನ ತೋಟದ ನೆನಪು, ಅರ್ಥವಾಗದ ಮಗಳು, ಅಳುವ ತಾಯಿ, ಕೊನೆಯ ಅಧ್ಯಾಯದಲ್ಲಿ ಊರಿಗೊಂದು ಪ್ರವಾಸ. ಇಂಥ ಪುಸ್ತಕಗಳು ಸಾಕಷ್ಟಿವೆ. ಇವುಗಳನ್ನು ಪತ್ತೆಹಚ್ಚಲು ಸಿದ್ಧಾಂತ ಬೇಕಿಲ್ಲ. ಸುಖಕ್ಕಾಗಿ ಓದುವವನಿಗೆ ನಲವತ್ತನೆಯ ಪುಟದಲ್ಲೇ ಬೇಜಾರು ಬರುತ್ತದೆ. ಆ ಬೇಜಾರೇ ವಿಮರ್ಶೆ. ಪುಣ್ಯಕ್ಕೆಂದು ಓದುವವನು ಬೇಜಾರನ್ನು ನುಂಗಿಕೊಂಡು ಮುಂದುವರಿಯುತ್ತಾನೆ, ಹಾಗಾಗಿ ಅವನಿಗೆ ಸುಳ್ಳು ಕಾದಂಬರಿ ಯಾವುದು, ನಿಜವಾದದ್ದು ಯಾವುದು ಎಂಬ ಭೇದ ಗೊತ್ತೇ ಆಗುವುದಿಲ್ಲ.

ನಿಜವಾದದ್ದು ಹೇಗಿರುತ್ತದೆ ಎಂಬುದಕ್ಕೆ ಸ್ಯಾಮ್ ಸೆಲ್ವನ್ ಅವರ 'ದಿ ಲೋನ್ಲಿ ಲಂಡನರ್ಸ್' (1956) ನನ್ನ ಕೈಗೆ ಮೊದಲು ಬರುವ ಪುಸ್ತಕ. ಸೆಲ್ವನ್ ಟ್ರಿನಿಡಾಡಿನವರು, ತಂದೆಯ ಮೂಲ ಮದ್ರಾಸು. ಎರಡನೇ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ಕೆಲಸ ಹುಡುಕಿಕೊಂಡು ಲಂಡನ್ನಿಗೆ ಬಂದವರ ಕತೆ ಅದು. ಶುರುವಿನಲ್ಲೇ ಒಬ್ಬ ಕೊರೆಯುವ ಚಳಿಯಲ್ಲಿ ತೆಳ್ಳನೆಯ ಸೂಟು ಹಾಕಿಕೊಂಡು, ಸಾಮಾನು ಸರಂಜಾಮು ಏನೂ ಇಲ್ಲದೆ ವಾಟರ್‌ಲೂ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಕರೆದೊಯ್ಯಲು ಬಂದ ಮೋಸೆಸ್‌ಗೆ ದಿಗಿಲು, ಬಂದವನಿಗೆ ಏನೂ ಅನ್ನಿಸಿಲ್ಲ. ಮುಂದೆ ಹೊಟ್ಟೆಗಿಲ್ಲದ ದಿನಗಳಲ್ಲಿ ಅದೇ ಆಸಾಮಿ ಪಾರ್ಕಿನ ಪಾರಿವಾಳಕ್ಕೇ ಕೈಹಾಕುತ್ತಾನೆ. ಓದುತ್ತಾ ನಗು ತಡೆಯಲಾಗುವುದಿಲ್ಲ, ನಕ್ಕ ಮೇಲೆ ಗಂಟಲು ಕಟ್ಟುತ್ತದೆ.

ಈ ಪುಸ್ತಕವನ್ನು ಸೆಲ್ವನ್ ಮೊದಲು ಶಿಷ್ಟ ಇಂಗ್ಲಿಷಿನಲ್ಲಿ ಬರೆಯಲು ಹೊರಟಿದ್ದರು. ಮುಂದಕ್ಕೆ ಹೋಗಲಿಲ್ಲ. ತಮ್ಮ ಜನ ಆಡುವ ಮಾತಿಗೆ ಕಥನವನ್ನೇ ಹೊರಳಿಸಿದಾಗ ಸರಾಗವಾಗಿ ಹರಿಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಉತ್ತರ ಕರ್ನಾಟಕದ ಮಾತನ್ನೋ ಕುಂದಾಪ್ರ ಕನ್ನಡವನ್ನೋ ಪುಸ್ತಕದ ಕನ್ನಡಕ್ಕೆ ತಿದ್ದಿದಾಗ ಜೀವ ಹೋಗುವುದನ್ನು ಕಂಡಿರುವ ನಮಗೆ ಇದು ತಟ್ಟನೆ ತಿಳಿಯುತ್ತದೆ. ಊರು ಬಿಟ್ಟವರು ಕೊನೆಯವರೆಗೂ ಹೊತ್ತುಕೊಂಡು ಹೋಗುವುದು ಮಾತಿನ ಧಾಟಿಯನ್ನು. ಅದನ್ನು ಕಿವಿತುಂಬ ಕೇಳಿಸಿಕೊಳ್ಳುವುದೇ ಈ ಬಗೆಯ ಓದಿನ ದೊಡ್ಡ ಸುಖ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಬೇರೆಯದೇ ಕಷ್ಟವಿದೆ. ಗುರುಪ್ರಸಾದ ಕಾಗಿನೆಲೆಯವರ 'ಹಿಜಾಬ್' (2017) ನೋಡಿ. ಅಮೆರಿಕದಲ್ಲಿ ವೈದ್ಯರಾಗಿರುವ ಅವರು ಅಲ್ಲಿನ ಮಿನ್ನೆಸೋಟದ ಸಣ್ಣ ಊರೊಂದರ ಆಸ್ಪತ್ರೆಯ ಕತೆ ಹೇಳುತ್ತಾರೆ. ಅಲ್ಲಿ ಭಾರತದಿಂದ ಹೋದ ವೈದ್ಯರಿದ್ದಾರೆ. ತರಬೇತಿಗೆಂದು ಜೆ-1 ವೀಸಾದಲ್ಲಿ ಹೋದವರು ಎರಡು ವರ್ಷ ತಾಯ್ನಾಡಿಗೆ ಮರಳಬೇಕು, ಬೇಡವೆಂದರೆ ವೈದ್ಯರ ಕೊರತೆಯಿರುವ ಊರಿನಲ್ಲಿ ಮೂರು ವರ್ಷ ದುಡಿಯಬೇಕು ಎಂಬುದು ಅಲ್ಲಿನ ಕಾನೂನು. ದೊಡ್ಡ ನಗರದ ಕನಸು ಹೊತ್ತು ಹೋದವರು ಹಿಮದ ಮೂಲೆಯೂರುಗಳಿಗೆ ಬಂದು ಸೇರುವುದು ಹೀಗೆ. ಅದೇ ಊರಿಗೆ ಆಫ್ರಿಕದಿಂದ ನಿರಾಶ್ರಿತರಾಗಿ ಬಂದ ಹೆಂಗಸರಿದ್ದಾರೆ, ಸಿಸೇರಿಯನ್ ಬೇಡ ಎನ್ನುವವರು. ಗ್ರೀನ್ ಕಾರ್ಡಿಗಾಗಿ ಕಾದಿರುವ ವಲಸಿಗನ ಕೈಯಲ್ಲಿ ಇನ್ನೊಬ್ಬ ವಲಸಿಗಳ ಜೀವ. ಬಿಳಿಯರು ಮತ್ತು ನಾವು ಎಂಬ ಹಳೆಯ ಲೆಕ್ಕವನ್ನೇ ಇದು ಮುರಿಯುತ್ತದೆ. ಈ ಜನ ಬಾಯಿಬಿಟ್ಟು ಆಡುವುದು ಬಹುಪಾಲು ಇಂಗ್ಲಿಷು, ಪುಸ್ತಕ ಇರುವುದು ಕನ್ನಡದಲ್ಲಿ. ಅಂದರೆ ಪ್ರತಿಯೊಂದು ಮಾತೂ ಪುಟಕ್ಕೆ ಬರುವ ಹೊತ್ತಿಗೆ ಒಂದು ಹೊಳೆ ದಾಟಿ ಬಂದಿರುತ್ತದೆ. ಎಲ್ಲಿ ಇಂಗ್ಲಿಷ್ ಪದವನ್ನು ಹಾಗೇ ಬಿಡಬೇಕು, ಎಲ್ಲಿ ಪಕ್ಕಾ ಕನ್ನಡದ ಬೈಗುಳ ಹಾಕಬೇಕು ಎಂಬ ಲೇಖಕರ ತೀರ್ಮಾನವನ್ನು ಗಮನಿಸುತ್ತಾ ಓದುವುದರಲ್ಲೇ ಒಂದು ರುಚಿಯಿದೆ.

ಇಂಥ ಪುಸ್ತಕಗಳನ್ನು ಇಲ್ಲಿ ಯಾರು ಓದುತ್ತಾರೆ? ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರು. ಮಗ, ಸೊಸೆ, ಮೊಮ್ಮಗಳು ಅಮೆರಿಕದಲ್ಲಿ. ಮನೆಯ ಮಹಡಿಯ ಕೋಣೆಗಳಿಗೆ ಬೀಗ. ಅಮೆರಿಕದ ಕನ್ನಡಿಗರ ಬದುಕಿನ ಒಂದು ಕಾದಂಬರಿ ಕೊಟ್ಟಿದ್ದೆ. ವಾರದ ನಂತರ ವಾಪಸು ತಂದವರು ಜಗಲಿಯಲ್ಲೇ ನಿಂತು ಕೇಳಿದರು: "ಅಲ್ಲ, ಹಿಮ ಬಿದ್ರೆ ಬೆಳಿಗ್ಗೆ ಎದ್ದು ಮನೆಯವರೇ ಸಲಿಕೆ ಹಿಡ್ದು ಬಾಚ್ಬೇಕಂತಲ್ರೀ? ಹದಿನಾಲ್ಕು ವರ್ಷ ಆಯ್ತು ಅವ್ನು ಹೋಗಿ. ದಿನಾ ಫೋನ್ ಮಾಡ್ತಾನೆ. 'ಎಲ್ಲಾ ಚೆನ್ನಾಗಿದೆ ಅಪ್ಪ' ಅಂತಾನೆ. ಸಲಿಕೆ ವಿಷ್ಯ ಒಂದ್ ದಿನಾನೂ ಹೇಳಿಲ್ಲ." ಮಗ ಮುಚ್ಚಿಟ್ಟಿದ್ದನೆಂದಲ್ಲ, ಅದು ಹೇಳುವಂಥ ವಿಷಯ ಎಂದೇ ಅವನಿಗೆ ಅನ್ನಿಸಿರಲಿಕ್ಕಿಲ್ಲ. ಫೋನು ದಾಟಿಸುವುದು ವಿಶೇಷಗಳನ್ನು. ದಿನನಿತ್ಯದ ಬದುಕು ಆ ದಡದಲ್ಲೇ ಉಳಿದುಬಿಡುತ್ತದೆ. ಅದನ್ನು ಈ ದಡಕ್ಕೆ ತಂದದ್ದು, ಮಧ್ಯಾಹ್ನದ ನಿದ್ದೆ ಬರಲಿ ಎಂದು ಅವರು ಕೈಗೆತ್ತಿಕೊಂಡ ಒಂದು ಕತೆ ಪುಸ್ತಕ.

ವಿದೇಶವೇ ಆಗಬೇಕೆಂದಿಲ್ಲ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲ ತೀರದ ಕೋಡಿಯಿಂದ ಹೊರಟವರು ಬೆಂಗಳೂರಿಗೆ ಹೋಗಿ ಹೋಟೆಲು ಹಾಕುತ್ತಾರೆ. ಮೊಮ್ಮಗನ ಕಾಲಕ್ಕೆ ದಾರಿ ಮದರಾಸು, ಮುಂಬಯಿಯವರೆಗೆ ಚಾಚುತ್ತದೆ. ಯಶವಂತ ಚಿತ್ತಾಲರ 'ಶಿಕಾರಿ' (1979) ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬಯಿಗೆ ಬಂದ ನಾಗಪ್ಪನ ಕತೆ. ದೊಡ್ಡ ಕಂಪನಿಯ ಉದ್ಯೋಗ, ಒಂದು ದಿನ ಕೈಗೆ ಬರುವ ಸಸ್ಪೆನ್ಷನ್ ಆರ್ಡರು, ಆಮೇಲೆ ಯಾರು ಬೇಟೆಗಾರ ಯಾರು ಮಿಕ ಎಂದು ತಿಳಿಯದ ದಿಗಿಲು. ತರಗತಿಗಳಲ್ಲಿ ಇದನ್ನು ನವ್ಯದ ಮಹತ್ವದ ಕೃತಿ ಎಂದು ಹೇಳಿಕೊಡುತ್ತಾರೆ, ಸರಿಯೇ. ಆದರೆ ಅದು ಪತ್ತೇದಾರಿಯಂತೆ ಓದಿಸಿಕೊಳ್ಳುತ್ತದೆ ಎಂಬುದನ್ನು ಯಾರೂ ಹುಡುಗರಿಗೆ ಹೇಳುವುದಿಲ್ಲ. ಹೇಳಿದ್ದರೆ ಇನ್ನಷ್ಟು ಜನ ಓದುತ್ತಿದ್ದರು. ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' (1968) ಇನ್ನೂ ಒಂದು ಮಗ್ಗುಲು ತೆರೆಯುತ್ತದೆ. ಅಮೆರಿಕದಿಂದ ಮರಳಿದ ಕಾಳಿಂಗನ ಹಿಂದೆ ಹೆಂಡತಿ ಹಿಲ್ಡಾ ಹಳ್ಳಿಗೆ ಬರುತ್ತಾಳೆ. ಇಲ್ಲಿ ಪರದೇಶಿ ಅವಳು. ಹಸುವಿನ ವಿಷಯದಲ್ಲಿ ಊರಿಗೆ ಅವಳು ಅರ್ಥವಾಗುವುದಿಲ್ಲ, ಅವಳಿಗೆ ಊರು. ನಾವು ಅತಿಥೇಯರಾದಾಗ ಹೇಗಿರುತ್ತೇವೆ ಎಂದು ನೋಡಿಕೊಳ್ಳಲು ಈ ಕತೆಗಿಂತ ಬೇರೆ ಕನ್ನಡಿ ಬೇಕಿಲ್ಲ.

ಒಂದು ಕೊರತೆ ನನ್ನನ್ನು ಕಾಡುತ್ತದೆ. ಮಲಯಾಳಂನಲ್ಲಿ ಬೆನ್ಯಾಮಿನ್ ಅವರ 'ಆಡುಜೀವಿತಂ' (2008) ಬಂತು. ಗಲ್ಫ್‌ಗೆ ಹೋಗಿ ಮರುಭೂಮಿಯಲ್ಲಿ ಆಡು ಕಾಯುವ ಜೀತಕ್ಕೆ ಬಿದ್ದ ನಜೀಬನ ಕತೆ. ಕೇರಳದಲ್ಲಿ ಅದನ್ನು ಓದಿದವರು ಪಂಡಿತರಷ್ಟೇ ಅಲ್ಲ, ಆಟೊ ಓಡಿಸುವವರು, ಅಂಗಡಿಯವರು, ಗಲ್ಫ್‌ನಿಂದ ರಜೆಗೆ ಬಂದವರು. ಭಟ್ಕಳದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯಲ್ಲೂ ಗಲ್ಫ್ ಹಣ ಕಾಣದ ಊರಿಲ್ಲ. ಹಾಗೆ ಮನೆಮನೆ ಹೊಕ್ಕ ಗಲ್ಫ್ ಕಾದಂಬರಿ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕಿಂತ ಹತ್ತಿರದ್ದು ಗುಳೆ. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಬಿತ್ತನೆ ಮುಗಿಸಿ, ಇಲ್ಲವೇ ಮಳೆ ಕೈಕೊಟ್ಟು, ಬೆಂಗಳೂರಿನ ಕಟ್ಟಡಗಳಿಗೆ, ಗೋವಾಕ್ಕೆ, ಮುಂಬಯಿಗೆ ಹೊರಡುವ ಸಂಸಾರಗಳು. ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಮಗುವಿಗೆ ಜೋಳಿಗೆ ಕಟ್ಟುವ ತಾಯಿಗೂ ಸಾಸಿವೆ ಎಣ್ಣೆಯಂಥದ್ದೊಂದು ಇದ್ದೇ ಇರುತ್ತದೆ. ಗುರೆಳ್ಳು ಚಟ್ನಿಯೋ, ಊರಿನ ಬಾವಿಯ ನೀರೋ, ನಮಗೆ ಗೊತ್ತಿಲ್ಲ. ಅವಳ ಬಗ್ಗೆ ವರದಿಗಳಿವೆ, ಒಳ್ಳೆಯ ಸಣ್ಣಕತೆಗಳಿವೆ. ರಾತ್ರಿ ಹನ್ನೆರಡಾದರೂ ದೀಪ ಆರಿಸಲು ಬಿಡದಂಥ ದೊಡ್ಡ ಕಾದಂಬರಿ ಬೇಕು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಆ ದೊಡ್ಡ ಕಾದಂಬರಿ ಬರೆಯುವ ಹುಡುಗಿ ಅಂಥ ಗ್ರಂಥಾಲಯವೊಂದರಲ್ಲೇ ಈಗ ಕೂತಿರಬಹುದು. ಅವಳ ಕೈಗೆ ಗೈಡಿನ ಜೊತೆಗೆ ಒಂದು ಕತೆಯನ್ನೂ ಯಾರಾದರೂ ಕೊಡಬೇಕು, ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿಯೇ ಕೊಡಬೇಕು.

ಕೊನೆಯ ಮನೆಯ ಹಿರಿಯರು ಮೊದಲ ಪುಸ್ತಕ ವಾಪಸು ಕೊಟ್ಟ ದಿನವೇ ಇನ್ನೊಂದು ಕೇಳಿದ್ದರು. 'ಶಿಕಾರಿ' ಕೊಟ್ಟೆ. ಅಮೆರಿಕದ್ದಲ್ಲವಲ್ಲ ಎಂದು ಸ್ವಲ್ಪ ಅನುಮಾನದಿಂದಲೇ ಒಯ್ದರು. ಮೊನ್ನೆ ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಎದುರಾದರು, ಕಣ್ಣು ಕೆಂಪಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೈಯೆತ್ತಿ ತಡೆದರು. "ಏನೂ ಹೇಳ್ಬೇಡಿ, ದಯವಿಟ್ಟು ಕೊನೆ ಹೇಳ್ಬೇಡಿ. ಇನ್ನೂ ಅರವತ್ತು ಪುಟ ಇದೆ."